ತೋಟ ಬೆಂಗ್ರೆಗೆ ಐದು ಸೆಂಟ್ಸ್ ತೋಟ: ಪಾಲಿಕೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಂಗಳೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ,

ನಮಸ್ಕಾರ. ನಾನು ತೋಟ ಬೆಂಗ್ರೆಯವಳು. ಬಂದರಿನ ಧಕ್ಕೆಯಲ್ಲಿ ನಿಂತರೆ ಆಚೆ ದಡದಲ್ಲಿ ಕಾಣುವ ಊರು. ಒಂದು ಕಡೆ ಫಲ್ಗುಣಿ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳು. ಫೆರಿ ಇದ್ದರೆ ಪೇಟೆ ಹತ್ತಿರ. ಇಲ್ಲದಿದ್ದರೆ ತಣ್ಣೀರುಬಾವಿ, ಕೂಳೂರು ಸುತ್ತಬೇಕು. ಊರಿನ ಹೆಸರಲ್ಲೇ ತೋಟ ಇದೆ. ಆದರೆ ಒಂದು ಕಟ್ಟು ಹರಿವೆ ಬೇಕಾದರೂ ಹೊಳೆ ದಾಟಬೇಕು.

ಅಕ್ಕಿಗೆ ಅನ್ನಭಾಗ್ಯ ಇದೆ. ಮೀನು ಹೇಗೂ ಇದೆ. ಕೊರತೆ ತರಕಾರಿಯದ್ದು. ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ನಾಲ್ಕು ಜನರ ಮನೆಗೆ ಒಂದೂವರೆ ಕಿಲೋಗಿಂತ ಜಾಸ್ತಿ. ದಿನಾ ಅಷ್ಟು ಕೊಳ್ಳುವ ಮನೆ ನಮ್ಮ ಬೀದಿಯಲ್ಲಿ ಒಂದೂ ಇಲ್ಲ.

ಮಳೆಗಾಲದಲ್ಲಂತೂ ಕೇಳಬೇಡಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಸಂಪಾದನೆ ನಿಂತು ಕೈ ಖಾಲಿಯಾದ ಹೊತ್ತಿಗೇ ಘಾಟಿಯಲ್ಲಿ ಗುಡ್ಡ ಜರಿಯುತ್ತದೆ. 2018ರ ಆಗಸ್ಟಿನಲ್ಲಿ ಶಿರಾಡಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ. ನಮ್ಮ ಬೀನ್ಸ್, ಕ್ಯಾಬೇಜ್ ಎಲ್ಲಾ ಘಟ್ಟ ಇಳಿದೇ ಬರಬೇಕಲ್ವಾ? ಹಿಂದೆ ಮಳೆಗಾಲದ ಆಟಿ ತಿಂಗಳಲ್ಲಿ ಅಜ್ಜಿಯಂದಿರು ತಿಮರೆ (ಒಂದೆಲಗ), ತಜಂಕ್ (ತಗಚೆ) ಸೊಪ್ಪು, ಕೆಸುವಿನ ಎಲೆ ಕೊಯ್ದು ತಂದು ದಿನ ದೂಡುತ್ತಿದ್ದರು. ಈಗ ಅದನ್ನೇ ಹೋಟೆಲಿನಲ್ಲಿ ದುಡ್ಡು ಕೊಟ್ಟು ತಿನ್ನುತ್ತಾರೆ. ಇರಲಿ.

ಎರಡು ವರ್ಷದ ಹಿಂದೆ ನಾವು ಹತ್ತು ಹೆಂಗಸರು ಒಂದು ಖಾಲಿ ಸರ್ಕಾರಿ ಜಾಗ ಹಿಡಿದೆವು. ಐದು ಸೆಂಟ್ಸ್ ಇರಬಹುದು. ಬರೀ ಮರಳು, ಕೊಡಗಟ್ಟಲೆ ಸುರಿದರೂ ನೀರು ನಿಲ್ಲದು. ಗುಂಡಿ ತೋಡಿ ಅಡಿಗೆ ತೆಂಗಿನ ಸಿಪ್ಪೆ ಹಾಸಿದೆವು. ಮೇಲೆ ದರಲೆ (ಒಣಗಿದ ಎಲೆ), ಬೂದಿ, ಸುಡುಮಣ್ಣು. ಹಟ್ಟಿಗೊಬ್ಬರವನ್ನು ಫೆರಿಯಲ್ಲಿ ಗೋಣಿ ಕಟ್ಟಿ ತಂದಾಗ ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡರು. ಮೀನಿನ ತಲೆ, ಕರುಳು ಹೂತಿಟ್ಟೆವು. ನಾಯಿಗಳು ಒಂದೇ ರಾತ್ರಿಯಲ್ಲಿ ಎಲ್ಲಾ ಬಗೆದು ಹಾಕಿದವು. ಈಗ ಮೊಣಕೈ ಆಳಕ್ಕೆ ಹೂಳುತ್ತೇವೆ. ಮೊದಲ ವರ್ಷ ಹರಿವೆ ಬೆರಳುದ್ದ ಬಂದು ಮುರುಟಿತು. ಎರಡನೆಯ ವರ್ಷ ಬಸಳೆ ಚಪ್ಪರ ಹತ್ತಿತು, ಅಲಸಂಡೆ ಬಿಟ್ಟಿತು. ಆ ಬಸಳೆಗೆ ಮರುವಾಯಿ (ಚಿಪ್ಪುಮೀನು) ಹಾಕಿದ ಗಸಿಯನ್ನು ಹತ್ತೂ ಮನೆಯಲ್ಲಿ ಉಂಡೆವು. ಬಸಳೆಗೆ ಬೀಜವೂ ಬೇಡ ನೋಡಿ. ಒಂದು ತುಂಡು ದಂಟು ಕೊಟ್ಟರೆ ಇನ್ನೊಂದು ಮನೆಗೆ ಚಪ್ಪರ.

ಕಳೆದ ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಹೋಗಿ ನೋಡಿದರೆ, ಸಾಲುಗಳ ಮೇಲೆ ಒಂದು ಟಿಪ್ಪರ್ ಲೋಡು ಕಟ್ಟಡ ಒಡೆದ ಕಲ್ಲು-ಸಿಮೆಂಟು. ಯಾರು ಸುರಿದರೋ ಗೊತ್ತಾಗಲಿಲ್ಲ. ಕೇಳಲು ಹೋದಲ್ಲಿ ಸಿಕ್ಕ ಉತ್ತರ, “ಜಾಗ ನಿಮ್ಮದಾ?” ನಮ್ಮದಲ್ಲ, ನಿಜ. ತಲೆ ತಗ್ಗಿಸಿ ಬಂದೆವು. ಚಪ್ಪರದ ಒಂದು ಮೂಲೆ ಉಳಿದಿದೆ.

ಹಾಗಾಗಿ ಕೇಳುತ್ತಿರುವುದು ಒಂದು ಕಾಗದ. ಆ ಜಾಗದಲ್ಲಿ ಮೂರು ವರ್ಷ ತರಕಾರಿ ಬೆಳೆಯಬಹುದು ಎಂಬ ಒಪ್ಪಿಗೆ. ಹಕ್ಕುಪತ್ರ ಬೇಡ. ನಾಳೆ ಅಲ್ಲಿ ಅಂಗನವಾಡಿ ಕಟ್ಟುತ್ತೀರಾ? ಒಂದು ಬೆಳೆ ಕೊಯ್ಯುವಷ್ಟು ಸಮಯ ಕೊಡಿ, ಬಿಟ್ಟು ಹೋಗುತ್ತೇವೆ. ಮೂರು ವರ್ಷ ಸುಮ್ನೆ ಹೇಳಿದ್ದಲ್ಲ. ಮರಳು ಮಣ್ಣಾಗಲು ಅಷ್ಟು ಬೇಕು. ನಾಳೆ ಇರುತ್ತದೋ ಇಲ್ಲವೋ ಎಂಬ ಜಾಗಕ್ಕೆ ಯಾರು ಗೊಬ್ಬರ ಹೊರುತ್ತಾರೆ? ಪಕ್ಕದ ಕೇರಳದಲ್ಲಿ ಕುಟುಂಬಶ್ರೀ ಹೆಂಗಸರು ಗುಂಪಾಗಿ ಗೇಣಿಗೆ ಜಾಗ ಪಡೆದು ಬೆಳೆಯುತ್ತಿದ್ದಾರೆ. ಹೊಸ ಮಾತೇನಲ್ಲ.

ಆಗುವುದಾದರೆ ಗೊಬ್ಬರವನ್ನೂ ಕೊಡಿ. ನಗರದ ಕಸ ಪಚ್ಚನಾಡಿಗೆ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಅಲ್ಲಿನ ಕಸದ ಗುಡ್ಡೆ ಜಾರಿ ಪಕ್ಕದ ಮಂದಾರದ ಅಡಿಕೆ ತೋಟಗಳನ್ನೇ ನುಂಗಿತ್ತು. ಹಸಿ ಕಸದಿಂದ ಒಳ್ಳೆಯ ಗೊಬ್ಬರ ಮಾಡಿಸಿ ನಾಲ್ಕು ಗೋಣಿ ಧಕ್ಕೆಗೆ ತಂದಿಟ್ಟರೆ, ದಾಟಿಸುವುದು ನಮ್ಮ ಕೆಲಸ. ತುಂಬೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರು ಕೇಳುವುದಿಲ್ಲ. ಫೆಬ್ರವರಿವರೆಗೆ ನಮ್ಮ ಬಾವಿ ಸಾಕು. ಆಮೇಲೆ ನೀರು ಉಪ್ಪಾಗುತ್ತದೆ, ತೋಟಕ್ಕೂ ರಜೆ.

ಮೇ ಕೊನೆಯೊಳಗೆ ಕಾಗದ ಸಿಕ್ಕಿದರೆ ಮೊದಲ ಮಳೆಗೇ ಮುಳ್ಳುಸೌತೆ, ಹೀರೆ ಬೀಜ ಹಾಕುತ್ತೇವೆ. ಚೌತಿಗೆ ಕಾಯಿ ಕೈಗೆ ಬರುತ್ತದೆ. ಕಲ್ಲು-ಸಿಮೆಂಟು ನಾವೇ ಹೆಕ್ಕಿ ತೆಗೆಯಲು ಶುರು ಮಾಡಿದ್ದೇವೆ.

ಇತಿ,
ತೋಟ ಬೆಂಗ್ರೆಯ ಒಬ್ಬಳು