ಪದಕ ಮಾರೋಕೆ ಬಂದವ್ರಿಗೆ ಬೈಬೇಡಿ, ಬೆಲೆ ಕಟ್ಟಿ: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕ್ರೀಡಾ ಸಚಿವರಿಗೆ ನಮಸ್ಕಾರ.

ಸರ್, ಹೋದ ತಿಂಗಳು ನಂಗೆ ಪರಿಚಯದ ಹಳೇ ಓಟಗಾರರೊಬ್ರು ಫೋನ್ ಮಾಡಿ, ಪದಕದ್ದು ಒಂದೆರಡು ಫೋಟೋ ತೆಗ್ದುಕೊಡಪ್ಪ ಅಂದ್ರು. ಯಾವ್ದೋ ಪೇಪರ್‌ನವ್ರು ಬರೀತಿರ್ಬೇಕು ಅಂದ್ಕೊಂಡು ಖುಷೀಲೇ ಹೋದೆ. ಹೋದ್ಮೇಲೆ ಗೊತ್ತಾಯ್ತು, ಮಾರೋಕೆ ಅಂತ. ರಿಬ್ಬನ್ನು ಕುತ್ತಿಗೆ ಹಿಂದೆ ಕೂರೋ ಜಾಗದಲ್ಲಿ ಬೆವರಿಗೆ ಹಳದಿ ಆಗಿತ್ತು, ಅಂಚಲ್ಲಿ ಒಂದು ಸಣ್ಣ ತಗ್ಗು, ಕೇಳಿದ್ರೆ ಮಗಳು ಚಿಕ್ಕೋಳಿದ್ದಾಗ ಬೀಳಿಸಿದ್ಲು ಅಂದ್ರು. ಕೊಳ್ಳೋನು ವಾಟ್ಸಾಪಲ್ಲಿ ಹೇಳಿದ್ನಂತೆ, ರಿಬ್ಬನ್ ತೊಳೀಬೇಡಿ, ತಗ್ಗು ಕ್ಲೋಸಪ್ಪಲ್ಲಿ ಬರ್ಲಿ, ನೀವು ಪದಕ ಹಿಡ್ಕೊಂಡಿರೋ ಫೋಟೋ ಒಂದು, ಸೈನ್ ಮಾಡಿದ ಲೆಟರ್ ಒಂದು ಬೇಕೇಬೇಕು ಅಂತ. ಇವ್ರು ಕೈ ಮಾತ್ರ ಬರೋ ಹಾಗೆ ತೆಗಿ ಸಾಕು ಅಂದ್ರು.

ಎರಡೂ ಮಂಡಿಗೆ ಆಪರೇಷನ್ ಆಗ್ಬೇಕಿತ್ತು ಅವ್ರಿಗೆ.

ಇಂಥ ಸುದ್ದಿ ಹೊರಗೆ ಬಂದಾಗೆಲ್ಲ ನಿಮ್ಮಂಥ ಕುರ್ಚೀಲಿ ಕೂತವ್ರಿಂದ ಬರೋ ಮಾತು ಒಂದೇ, ಪದಕ ದೇಶದ ಆಸ್ತಿ, ಮಾರೋದು ಅವಮಾನ ಅಂತ. ದೇಶದ ಆಸ್ತಿ ಅನ್ನೋದಾದ್ರೆ ಆ ಮಂಡೀನೂ ದೇಶದ ಆಸ್ತೀನೇ ಅಲ್ವಾ ಸರ್, ಅದನ್ನ ರಿಪೇರಿ ಮಾಡ್ಸೋರು ಯಾರು?

ಇನ್ನೊಂದು ವಿಷ್ಯ, ಬಹಳ ಜನಕ್ಕೆ ಗೊತ್ತಿಲ್ಲ. ಒಲಿಂಪಿಕ್ಸ್ ಚಿನ್ನದ ಪದಕದಲ್ಲಿ ಚಿನ್ನ ಇರೋದು ಸುಮಾರು 6 ಗ್ರಾಂ, ಉಳಿದಿದ್ದು ಬಹುಪಾಲು ಬೆಳ್ಳಿ. ಪೂರ್ತಿ ಚಿನ್ನದ್ದು ಕೊಟ್ಟಿದ್ದು 1912ರಲ್ಲೇ ಕೊನೆ. ತಕ್ಕಡೀಲಿ ಇಟ್ರೆ ದೊಡ್ಡ ದುಡ್ಡೇನೂ ಹುಟ್ಟಲ್ಲ, ಕೊಳ್ಳೋನು ದುಡ್ಡು ಕೊಡೋದು ಆ ಹೆಸ್ರಿಗೆ, ಆ ಕಥೆಗೆ, ಆ ಬೆವರಿನ ಕಲೆಗೆ. ಅದರ ನಿಜವಾದ ಬೆಲೆ ಎಷ್ಟು ಅಂತ ಗೊತ್ತಿರೋದು ಕೊಳ್ಳೋನಿಗೆ, ಮಾರೋರಿಗಲ್ಲ. ಮೋಸ ಆಗೋದೇ ಇಲ್ಲಿ. 1980ರ ಚಳಿಗಾಲದ ಒಲಿಂಪಿಕ್ಸಲ್ಲಿ ಸೋವಿಯತ್ ಟೀಮನ್ನ ಸೋಲ್ಸಿ ಚಿನ್ನ ಗೆದ್ದ ಅಮೆರಿಕದ ಐಸ್ ಹಾಕಿ ಟೀಮಲ್ಲಿದ್ದ ಮಾರ್ಕ್ ವೆಲ್ಸ್ ಚಿಕಿತ್ಸೆ ಖರ್ಚಿಗೆ ಅಂತ ತಮ್ಮ ಪದಕವನ್ನ ಒಬ್ಬ ಸಂಗ್ರಾಹಕನಿಗೆ ಮಾರಿದ್ರು, ಆಮೇಲೆ ಅದೇ ಪದಕ 2010ರ ಹರಾಜಲ್ಲಿ 3,10,700 ಡಾಲರಿಗೆ ಹೋಯ್ತು. ಕಾಯಿಲೆ ಬಿದ್ದು ಅರ್ಜೆಂಟಲ್ಲಿ ಮಾರೋರು ಒಬ್ರು, ಕಾದು ಕೂತು ಒಳ್ಳೇ ರೇಟಿಗೆ ಮಾರೋರು ಇನ್ನೊಬ್ರು.

ಖುಷಿ ಕೊಡೋ ಕಥೆಗಳೂ ಇವೆ, ಇಲ್ಲ ಅನ್ನಲ್ಲ. ಬಾಕ್ಸರ್ ವ್ಲಾದಿಮಿರ್ ಕ್ಲಿಚ್ಕೊ 1996ರ ಒಲಿಂಪಿಕ್ಸ್ ಚಿನ್ನವನ್ನ 2012ರಲ್ಲಿ ಮಕ್ಕಳ ಸಹಾಯಕ್ಕೆ ಅಂತ 10 ಲಕ್ಷ ಡಾಲರಿಗೆ ಮಾರಿದಾಗ ಕೊಂಡವ್ರು ಪದಕವನ್ನ ಅವ್ರಿಗೇ ವಾಪಸ್ ಕೊಟ್ರು. ಟೋಕಿಯೋ ಒಲಿಂಪಿಕ್ಸಲ್ಲಿ ಜಾವೆಲಿನ್ ಬೆಳ್ಳಿ ಗೆದ್ದ ಪೋಲೆಂಡಿನ ಮರಿಯಾ ಆಂದ್ರೇಚಿಕ್ ಒಂದು ಮಗುವಿನ ಹಾರ್ಟ್ ಆಪರೇಷನ್ನಿಗೆ ಅಂತ ಪದಕ ಹರಾಜಿಗಿಟ್ಟಾಗ್ಲೂ ಹಾಗೇ ಆಯ್ತು, ಗೆದ್ದ ಕಂಪನಿ ದುಡ್ಡು ಕೊಟ್ಟು ಪದಕ ನಿಮ್ಮ ಹತ್ರಾನೇ ಇರ್ಲಿ ಅಂತು. ಆದ್ರೆ ಗಮನಿಸಿ ಸರ್, ಇಬ್ರೂ ಮಾರಿದ್ದು ಬೇರೆಯವ್ರಿಗೋಸ್ಕರ, ಅದಕ್ಕೇ ಎಲ್ರೂ ಚಪ್ಪಾಳೆ ಹೊಡೆದ್ರು. ತನ್ನ ಮಂಡಿಗೋಸ್ಕರ ಮಾರೋನಿಗೆ ಚಪ್ಪಾಳೆ ಇಲ್ಲ, ವಾಪಸ್ ಕೊಡೋರೂ ಸಿಗೋದು ಕಷ್ಟ, ಅಯ್ಯೋ ಪಾಪ ಅಂತ ನಾಲ್ಕು ಕಾಮೆಂಟು ಬೀಳುತ್ತೆ ಅಷ್ಟೇ.

ಹಾಗಂತ ಮಾರಾಟಾನೇ ಬ್ಯಾನ್ ಮಾಡೋಣ ಅಂತ ಯಾರಾದ್ರೂ ಫೈಲ್ ತಂದ್ರೆ ದಯವಿಟ್ಟು ಸೈನ್ ಹಾಕ್ಬೇಡಿ. ಆಸ್ಕರ್ ಪ್ರತಿಮೆಗೆ ಇಂಥದ್ದೇ ಒಂದು ರೂಲ್ ಇದೆ, 1950ರ ನಂತರ ಗೆದ್ದೋರು ಮಾರ್ಬೇಕಂದ್ರೆ ಮೊದ್ಲು ಆ ಪ್ರಶಸ್ತಿ ಕೊಡೋ ಅಕಾಡೆಮಿಗೆ ಬರೀ 1 ಡಾಲರಿಗೆ ಕೊಡ್ತೀವಿ ಅನ್ಬೇಕು. ಸಿನಿಮಾದವ್ರಿಗೆ ಅದು ನಡೆಯುತ್ತೇನೋ, ಮೂವತ್ತೈದಕ್ಕೇ ಕೆಲಸ ಮುಗಿದು ಮುಂದೆ ಮೂವತ್ತು ವರ್ಷ ನೋವು ಮಾತ್ರ ಉಳಿಯೋರಿಗೆ ಅದು ಶಿಕ್ಷೆ.

ನಾನು ಕೇಳ್ತಿರೋದು ಇಷ್ಟೇ, ಮೊದ್ಲು ಕೊಂಡ್ಕೊಳ್ಳೋರು ನೀವಾಗಿ, ಆದ್ರೆ ಮಾರ್ಕೆಟ್ ರೇಟಿಗೆ. ಅದಕ್ಕೊಂದು ನಿಧಿ ಇಡಿ, ಇಲಾಖೆಗೆ ಸಂಬಂಧ ಇಲ್ದೇ ಇರೋರ ಕೈಲಿ ಬೆಲೆ ಕಟ್ಸಿ, ಒಂದು ನಕಲು ಮಾಡ್ಸಿ ಅವ್ರ ಮನೇಲಿ ಇರೋಕೆ ಬಿಡಿ, ಯಾರು ಮಾರಿದ್ರು ಅಂತ ಊರಿಗೆಲ್ಲ ಹೇಳ್ಬೇಡಿ. ಆಗದ ಮಾತೇನಲ್ಲ ಇದು. 1966ರ ಫುಟ್‌ಬಾಲ್ ವರ್ಲ್ಡ್ ಕಪ್ ಗೆದ್ದ ಇಂಗ್ಲೆಂಡಿನ ನಾಬಿ ಸ್ಟೈಲ್ಸ್ 2010ರಲ್ಲಿ ಮನೆಯವ್ರಿಗೆ ಏನಾದ್ರೂ ಉಳೀಲಿ ಅಂತ ಪದಕ ಹರಾಜಿಗಿಟ್ಟಾಗ ಅವ್ರ ಹಳೇ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ತಾನೇ 1,88,200 ಪೌಂಡ್ ಕೊಟ್ಟು ತನ್ನ ಮ್ಯೂಸಿಯಮ್ಮಿಗೆ ತಗೊಳ್ತು. ಒಂದು ಕ್ಲಬ್ಬಿಗೆ ಆಗೋದು ಒಂದು ಸರ್ಕಾರಕ್ಕೆ ಯಾಕಾಗಲ್ಲ?

ಮ್ಯೂಸಿಯಂ ಅಂದಾಗ ನಂಗೊಂದು ಭಯಾನೂ ಇದೆ, ಹೇಳ್ಬಿಡ್ತೀನಿ. 1948, 1952, 1956 ಮೂರು ಒಲಿಂಪಿಕ್ಸಲ್ಲಿ ಹಾಕಿ ಚಿನ್ನ ಗೆದ್ದ ಬಲ್‌ಬೀರ್ ಸಿಂಗ್ ಸೀನಿಯರ್ 1985ರಲ್ಲಿ ಮ್ಯೂಸಿಯಮ್ಮಿಗೆ ಅಂತ 36 ಪದಕ, ಮೆಲ್ಬೋರ್ನ್ ಒಲಿಂಪಿಕ್ಸಿನ ಬ್ಲೇಜರು, ನೂರಕ್ಕೂ ಹೆಚ್ಚು ಫೋಟೋ ಎಲ್ಲಾ ಒಂದು ಪೈಸೆ ಕೇಳ್ದೆ ಕೊಟ್ಟಿದ್ರು. 2012ರಲ್ಲಿ ಲಂಡನ್ನಿನ ಪ್ರದರ್ಶನಕ್ಕೆ ಬೇಕು ಅಂತ ಹುಡುಕಿಸಿದ್ರೆ ಯಾವ್ದೂ ಇಲ್ಲ. 2020ರಲ್ಲಿ ತೀರ್ಕೊಳ್ಳೋವರೆಗೂ ಅವು ಸಿಗ್ಲೇ ಇಲ್ಲ. ಮಾರಿದ್ರೆ ಕೊನೇ ಪಕ್ಷ ಯಾರ ಮನೇಲಿದೆ ಅಂತಾದ್ರೂ ಗೊತ್ತಿರ್ತಿತ್ತು! ಹಾಗಾಗಿ ಕೊಂಡ್ಕೊಂಡ್ರೆ ರಿಜಿಸ್ಟರಲ್ಲಿ ಬರೆದು, ರಸೀದಿ ಕೊಟ್ಟು, ವರ್ಷಕ್ಕೊಂದ್ಸಲ ಎಣಿಸಿ.

ನಮ್ಮ ಓಟಗಾರರ ಆ ಪದಕ ಹೋಯ್ತು ಸರ್, ಕೊರಿಯರ್‌ನವ್ನು ಬಂದು ತಗೊಂಡು ಹೋದ. ಪೆಟ್ಟಿಗೇಲಿ ಇನ್ನೂ ಎರಡಿವೆ. ಒಂದು ಮಂಡಿ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಮತ್ತೆ ಫೋಟೋ ತೆಗಿ ಅಂತ ಫೋನ್ ಬಂದೇ ಬರುತ್ತೆ, ಆಗ ಆ ವಾಟ್ಸಾಪ್ ನಂಬರ್ ಬಿಟ್ಟು ನಿಮ್ಮ ಇಲಾಖೇದು ಯಾವ ನಂಬರಿಗೆ ಕಳ್ಸಿ ಅಂತ ಹೇಳ್ಲಿ?

ಇಂತಿ,
ಫೋಟೋ ತೆಗೆದುಕೊಟ್ಟವನು