ಡೌನ್ ಆಗಿದ್ದು ಸರ್ವರ್ ಅಲ್ಲ

ಮಾನ್ಯರೇ,

ಕೌಂಟರಿನ ಗಾಜಿಗೆ ಅಂಟಿಸುವ ‘ಸರ್ವರ್ ಡೌನ್’ ಚೀಟಿಯ ಬಗ್ಗೆ ಓದುಗರು ಆಗಾಗ ಸಿಟ್ಟು ತೋಡಿಕೊಳ್ಳುತ್ತಾರೆ. ಆ ಚೀಟಿಯ ಹಿಂದೆ ಕೂತಿರುವವನು ನಾನು. ಶಿವಮೊಗ್ಗದ ಒಂದು ಸಂಸ್ಥೆಯ ಸರ್ವರ್ ಕೋಣೆ ಹನ್ನೊಂದು ವರ್ಷಗಳಿಂದ ನನ್ನ ಸುಪರ್ದಿಯಲ್ಲಿದೆ. ಕಳೆದ ತಿಂಗಳು ಒಂದು ಶನಿವಾರ ನಮ್ಮಲ್ಲೂ ಆ ಚೀಟಿ ಅಂಟಿತು. ಅಂದು ನಮ್ಮ ಒಂದೇ ಒಂದು ಸರ್ವರ್ ಕೂಡ ನಿಂತಿರಲಿಲ್ಲ.

ನಿಂತದ್ದು ವಿ-ಸೆಂಟರ್. ಮೂರು ಯಂತ್ರಗಳ ಮೇಲೆ ಓಡುವ, ತಂತ್ರಾಂಶದಿಂದಲೇ ರೂಪಿಸಿದ ನಮ್ಮ ವರ್ಚುವಲ್ ಸರ್ವರ್‌ಗಳನ್ನೆಲ್ಲ ನಿಭಾಯಿಸುವ ತಂತ್ರಾಂಶ ಅದು. ಡಿಪೊದ ಸಂಚಾರ ನಿಯಂತ್ರಕರ ಕೊಠಡಿಗೆ ಬೀಗ ಬಿದ್ದರೂ ರಸ್ತೆಗಿಳಿದ ಬಸ್ಸು ಓಡುತ್ತಲೇ ಇರುತ್ತದಲ್ಲ, ಹಾಗೆ ಅದು ನಿಂತರೂ ಸರ್ವರ್‌ಗಳು ಓಡುತ್ತಿರುತ್ತವೆ. ಓಡುತ್ತಿರುವ ಸರ್ವರನ್ನು ನಿಲ್ಲಿಸದೆ ಇನ್ನೊಂದು ಯಂತ್ರಕ್ಕೆ ಸಾಗಿಸಲು ಆಗುವುದಿಲ್ಲ, ಅಷ್ಟೇ.

ಶುಕ್ರವಾರ ರಾತ್ರಿ ಅದಕ್ಕೆ ಅಪ್‌ಡೇಟ್ ಹಾಕಿದೆ. ಅರ್ಧದಲ್ಲಿ ವಿಫಲವಾಯಿತು. ರೀಬೂಟ್ ಮಾಡಿದರೆ 5480 ಪೋರ್ಟಿನ ನಿರ್ವಹಣಾ ಪುಟ ‘ಅಪ್‌ಡೇಟ್ ನಡೆಯುತ್ತಿದೆ’ ಎಂದೇ ಹಟ ಹಿಡಿಯಿತು. ‘ಇನ್ನೊಮ್ಮೆ ಒತ್ತಿ ನೋಡಿ’ ಎಂದರು ಮೇಲಧಿಕಾರಿ. ಈ ಸಲಹೆಯಷ್ಟು ಸರ್ವರ್ ಕೆಡಿಸಿದ್ದು ಇನ್ನೊಂದಿಲ್ಲ. ಒತ್ತುವ ಬದಲು ಲಾಗ್, ಅಂದರೆ ತಂತ್ರಾಂಶ ತಾನೇ ಬರೆದಿಡುವ ದಿನಚರಿ, ಓದಿದೆ. ಲಾಗ್‌ಗಳಿಗೆಂದೇ ಮೀಸಲಾದ ಡಿಸ್ಕ್ ಭಾಗ ನೂರಕ್ಕೆ ನೂರು ತುಂಬಿತ್ತು. ಅಪ್‌ಡೇಟ್ ಶುರು ಮಾಡುವ ಮೊದಲು ಅದನ್ನು ನೋಡಬೇಕಿದ್ದವನು ನಾನೇ. ತಪ್ಪು ನನ್ನದು.

ಪುಣ್ಯಕ್ಕೆ ಮೊದಲೇ, ಆ ಕ್ಷಣದ ಸ್ಥಿತಿಯನ್ನು ಹಾಗೇ ಹಿಡಿದಿಡುವ ಸ್ನ್ಯಾಪ್‌ಶಾಟ್ ತೆಗೆದಿದ್ದೆ. ಹಿಂದಿನ ಸ್ಥಿತಿಗೆ ಮರಳಿದೆ. ಡಿಸ್ಕ್ ಹಿಗ್ಗಿಸಲು ಹೋದರೆ ಆಗಲಿಲ್ಲ. ಸ್ನ್ಯಾಪ್‌ಶಾಟ್ ಇರುವವರೆಗೆ ಅದು ಸಾಧ್ಯವಿಲ್ಲ ಎಂಬುದು ರಾತ್ರಿ ಎರಡು ಗಂಟೆಗೆ ನೆನಪಿಗೆ ಬರುವ ಸಂಗತಿಯಲ್ಲ. ಅದನ್ನು ಅಳಿಸಿ, ಡಿಸ್ಕ್ ಹಿಗ್ಗಿಸಿ, ಹೊಸ ಸ್ನ್ಯಾಪ್‌ಶಾಟ್ ತೆಗೆದು ಮತ್ತೆ ಅಪ್‌ಡೇಟ್ ಹಾಕುವಷ್ಟರಲ್ಲಿ ಬೆಳಗಾಯಿತು. ಅದರ ಮುಖ್ಯ ನಿರ್ವಾಹಕ ಖಾತೆಯ (ರೂಟ್) ಪಾಸ್‌ವರ್ಡಿನ 90 ದಿನಗಳ ಅವಧಿ ಇನ್ನು ನಾಲ್ಕೇ ದಿನದಲ್ಲಿ ಮುಗಿಯುವುದಿತ್ತು. ಅದನ್ನೂ ಬದಲಾಯಿಸಿದೆ.

ಇಷ್ಟರಲ್ಲಿ ಯಾರೋ ಫೋನಿನಲ್ಲಿ ‘ಅಪ್‌ಡೇಟ್ ಫೇಲ್’ ಎಂಬ ಮಾತು ಕೇಳಿಸಿಕೊಂಡು ಚೀಟಿ ಅಂಟಿಸಿಬಿಟ್ಟಿದ್ದರು. ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಹಿರಿಯರೊಬ್ಬರು ಅದನ್ನು ಓದಿ ವಾಪಸು ಹೋದರು. ಅವರ ಕೆಲಸ ಆಗುವ ಸರ್ವರ್ ಒಳಗೆ ತಣ್ಣಗೆ ಓಡುತ್ತಲೇ ಇತ್ತು.

ಇಷ್ಟು ರಗಳೆ ಇದ್ದರೆ ಅಪ್‌ಡೇಟ್ ಯಾಕೆ ಎನ್ನಬಹುದು. ಇದೇ ತಂತ್ರಾಂಶದ ಒಂದು ಗಂಭೀರ ಭದ್ರತಾ ಲೋಪಕ್ಕೆ 2024ರ ಸೆಪ್ಟೆಂಬರ್ 17ರಂದು ಬಂದ ತೇಪೆ ಸಾಲದೆ, ಅಕ್ಟೋಬರ್ 21ರಂದು ಮತ್ತೊಂದನ್ನು ಬಿಡುಗಡೆ ಮಾಡಬೇಕಾಯಿತು. ಮುಂದೂಡಿದಷ್ಟು ದಿನ ಬಾಗಿಲು ತೆರೆದಿಟ್ಟ ಹಾಗೆ.

ತಮ್ಮ ವರದಿಗಾರರಲ್ಲಿ ಒಂದು ವಿನಂತಿ: ‘ಸರ್ವರ್ ಡೌನ್’ ಎಂದು ಬರೆಯುವ ಮೊದಲು ನಿಂತದ್ದು ಯಾವುದು, ಬ್ಯಾಕಪ್ ಇತ್ತೇ ಎಂದು ಕೇಳಿ. ಸಂಸ್ಥೆಗಳನ್ನು ನಡೆಸುವವರಲ್ಲಿ ಇನ್ನೊಂದು: ಈ ಕೆಲಸಕ್ಕೆ ತಿಂಗಳಿಗೊಂದು ಶನಿವಾರದ ರಾತ್ರಿ ಕೊಡಿ, ಭಾನುವಾರ ಕೈಯಲ್ಲಿರುತ್ತದೆ. ಶುಕ್ರವಾರ ಬೇಡ.

– ಒಬ್ಬ ಸಿಸ್ಟಮ್ ಅಡ್ಮಿನ್, ಶಿವಮೊಗ್ಗ