ದುರ್ಬಳಕೆಯ ಹೊಣೆ ತಯಾರಕರಿಗೂ ಇರಲಿ

ಮಾನ್ಯ ಸಂಪಾದಕರೇ,

ಕೃತಕ ಬುದ್ಧಿಮತ್ತೆಯ ಸಾಧನಗಳ ಮೂಲಕ ನಡೆಯುವ ತಪ್ಪಿಗೆ ಬಳಕೆದಾರರನ್ನಷ್ಟೇ ಹೊಣೆ ಮಾಡಿ, ಅವನ್ನು ರೂಪಿಸಿದ ಕಂಪನಿಗಳು ಕೈತೊಳೆದುಕೊಳ್ಳುವುದು ಸರಿಯಲ್ಲ. ‘ಎಕ್ಸ್’ ಜಾಲತಾಣದ ‘ಗ್ರೋಕ್’ ಎಂಬ ಕೃತಕ ಬುದ್ಧಿಮತ್ತೆ ಸಾಧನ ಬಳಸಿ ಮಹಿಳೆಯರ ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಅಶ್ಲೀಲವಾಗಿ ತಿರುಚಿದ್ದು ಬಯಲಾದಾಗ, 2026ರ ಜನವರಿಯಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯವು 72 ಗಂಟೆಗಳಲ್ಲಿ ವರದಿ ಕೇಳಿ ನೋಟಿಸ್ ನೀಡಬೇಕಾಯಿತು. ಮೊದಲು ಬಳಕೆದಾರರ ಮೇಲಿನ ಕ್ರಮದ ಮಾತಾಡಿದ ಕಂಪನಿ, ಇಂಡೊನೇಷ್ಯಾ ಮತ್ತು ಮಲೇಷ್ಯಾ ಆ ಸೇವೆಯನ್ನು ತಡೆಹಿಡಿದ ನಂತರ ತಾಂತ್ರಿಕ ನಿರ್ಬಂಧ ಪ್ರಕಟಿಸಿತು. ತಡೆಯುವ ಶಕ್ತಿ ಅದರ ಕೈಯಲ್ಲೇ ಇತ್ತೆಂದಾಯಿತು. ಅಷ್ಟರಲ್ಲಿ ಎಷ್ಟೋ ಹೆಣ್ಣುಮಕ್ಕಳ ಮಾನಹಾನಿ ಆಗಿಹೋಗಿತ್ತು ಎಂಬುದು ನೋವಿನ ಸಂಗತಿ.

ಮಾಹಿತಿ ತಂತ್ರಜ್ಞಾನ ಕಾಯ್ದೆ–2000ರ ಸೆಕ್ಷನ್ 79, ಅನ್ಯರು ಹಾಕಿದ ಮಾಹಿತಿಯನ್ನು ಬದಲಿಸದೆ ದಾಟಿಸುವ ಜಾಲತಾಣಗಳಂಥ ಮಧ್ಯವರ್ತಿಗಳಿಗೆ ಆ ಮಾಹಿತಿಯ ಕಾನೂನು ಹೊಣೆಯಿಂದ ಷರತ್ತುಬದ್ಧ ರಕ್ಷಣೆ ಕೊಡುತ್ತದೆ. ಇಲ್ಲಿಯಾದರೋ ಬಳಕೆದಾರ ಬರೆಯುವುದು ಒಂದು ಸಾಲು ಮಾತ್ರ, ಚಿತ್ರವನ್ನು ಸೃಷ್ಟಿಸುವುದು ಕಂಪನಿಯದೇ ಯಂತ್ರ. ಇಂಥ ಕಂಪನಿಯನ್ನು ಬರೀ ಅಂಚೆಯವನಂತೆ ಕಾಣಲಾಗದು.

ನಿಜ ವ್ಯಕ್ತಿಗಳ ಚಿತ್ರ ತಿದ್ದುವ ಯಾವುದೇ ಸೌಲಭ್ಯವನ್ನು ಬಿಡುಗಡೆ ಮಾಡುವ ಮುನ್ನ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬರುವ ದುರುದ್ದೇಶದ ಸೂಚನೆಗಳನ್ನು ಅದು ನಿರಾಕರಿಸುತ್ತದೆಯೇ ಎಂದು ಪರೀಕ್ಷಿಸಿ ಫಲಿತಾಂಶವನ್ನು ಬಹಿರಂಗಪಡಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು. ಪರೀಕ್ಷೆ ನಡೆಸದ ಕಂಪನಿಗೆ ಸೆಕ್ಷನ್ 79ರ ರಕ್ಷಣೆ ಸಿಗಬಾರದು.